ಹದಿನೆಂಟು ಇಂಚು

ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಮೇಲೆ ಸೊಣ್ಣಪ್ಪ ಮೇಷ್ಟ್ರು
ಸ್ಟೂಲು ಎಳೆದುಕೊಂಡು ಕೂತರು, ಪರೀಕ್ಷೆ ಕಾಯುವವರ ಹಾಗೆ.
ರಿಟೈರಾಗಿ ಎರಡು ವರ್ಷ, ಕೆಮಿಸ್ಟ್ರಿ ಬಿಟ್ಟಿಲ್ಲ:
ಉಗ್ರಾಣದಲ್ಲಿ ರಾಗಿ ಮೊಳಕೆ ಕಟ್ಟಿ, ಬಾರ್ಲಿ ಬೆರೆಸಿ,
ಡ್ರಮ್ಮಿನ ಮೇಲೆ ತಾರೀಖು ಬರೆದು
ಬೀರು ಇಳಿಸುತ್ತಾರೆ, ತಿಂಗಳಿಗೊಂದು ಸಲ.

ಫ್ರೀಜರು ನಾನೇ ಕೊಡಿಸಿದ್ದು,
ಡೂಮ್‌ಲೈಟ್ ಸರ್ಕಲ್ಲಿನ ಐಸ್‌ಕ್ರೀಮ್ ಅಂಗಡಿ ಮುಚ್ಚಿದಾಗ.
ಮುಚ್ಚಳ ಎತ್ತಿದರೆ ಇನ್ನೂ ಮಾವಿನ ವಾಸನೆ.
‘ಆ ಪೆಟ್ಟಿಗೆ ರಾತ್ರಿಯೆಲ್ಲ ಮುಲುಗುತ್ತೆ.
ಅದು ನಡುಮನೆಗೆ ಬಂದರೆ ನಾನು ಉಗ್ರಾಣಕ್ಕೆ ಹೋಗ್ತೀನಿ’
ಅಂದರಂತೆ ಅಮ್ಮನವರು.
ಸರಿ, ಪೆಟ್ಟಿಗೆ ಅಲ್ಲೇ. ನಲ್ಲಿ ಇಲ್ಲಿ.
ನಡುವೆ ಗೋಡೆ.

ನಾನು ದಸ್ತಗೀರ್.
ಇಪ್ಪತ್ತಾರು ವರ್ಷದಿಂದ ಕೋಲಾರದ ತಂಪು ರಿಪೇರಿ ಮಾಡುತ್ತೇನೆ:
ಹೂವಿನ ಅಂಗಡಿಯದು, ಕೋಳಿ ಅಂಗಡಿಯದು,
ಮೆಡಿಕಲ್ಲಿನ ಇನ್ಸುಲಿನ್ನಿನದು,
ಮನೆಮನೆಗೆ ಬಾಡಿಗೆ ಹೋಗುವ ಹೆಣದ ಪೆಟ್ಟಿಗೆಯದು.
ಬೀರು ಕುಡಿದವನಲ್ಲ.
ಒಳಗೇನಿದೆ ಎಂದು ನಾನು ಕೇಳುವುದಿಲ್ಲ,
ಎಷ್ಟು ಡಿಗ್ರಿ ಎಂದಷ್ಟೇ.

ಡ್ರಿಲ್ಲು ಇಟ್ಟೆ. ಮೊದಲು ಸುಣ್ಣ ಉದುರಿತು,
ಆಮೇಲೆ ಕೆಂಪು ಮಣ್ಣು,
ಐದನೇ ಇಂಚಿಗೆ ಕಲ್ಲು.
ನಾಲ್ಕು ಬೆರಳು ಎಡಕ್ಕೆ ಸರಿದೆ. ಅಲ್ಲೂ ಕಲ್ಲು.
‘ಗೋಡೆ ಚಕ್ಕುಲಿ ಒರಳಾಯಿತು’ ಅಡುಗೆಮನೆಯಿಂದ ದನಿ.
ಮೂರನೆಯ ತೂತಿನಲ್ಲಿ ಒಂಬತ್ತನೇ ಇಂಚಿಗೆ
ಹುಲ್ಲು ಬಂತು. ರಾಗಿ ಹುಲ್ಲು. ಇನ್ನೂ ಹಳದಿ.
ಮೇಷ್ಟ್ರು ಮೂಸಿ ನೋಡಿದರು,
‘ಯಾರ ಹೊಲದ್ದೋ’ ಅಂದರು,
ಕೆಳಗೆ ಹಾಕಲು ಮನಸ್ಸಾಗದೆ ಕಿಟಕಿಯಲ್ಲಿಟ್ಟರು.

ಭಾನುವಾರ ನಲ್ಲಿ ಎಳೆದರು.
ಲೋಟದ ತುಂಬ ನೊರೆ.
ಎರಡನೆಯದೂ ನೊರೆ. ಮೂರನೆಯದಕ್ಕೆ
ಕನ್ನಡಿ ತಂದಿಟ್ಟರೆ ಗಡ್ಡ ಹೆರೆಯಬಹುದಿತ್ತು.
ತಪ್ಪು ನನ್ನದೇ. ಬರೀ ನಳಿಕೆ ತೂರಿಸಿ
ಸಿಮೆಂಟು ಮೆತ್ತಿ ಬಂದಿದ್ದೆ.
ಪೆಟ್ಟಿಗೆಯಲ್ಲಿ ನಾಲ್ಕು ಡಿಗ್ರಿ,
ಲೋಟದಲ್ಲೂ ನಾಲ್ಕೇ ಬೇಕು,
ನಡುವಿನ ಹದಿನೆಂಟು ಇಂಚು ಮಾತ್ರ
ಏಪ್ರಿಲ್ ತಿಂಗಳು.

ಆ ಸಂಜೆ ಅಂತರಗಂಗೆ ಮೆಟ್ಟಿಲು ಹತ್ತಿದೆ.
ಬಂಡೆ ಇನ್ನೂ ಹೆಂಚಿನ ಹಾಗೆ ಸುಡುತ್ತಿತ್ತು.
ಕಲ್ಲು ಬಸವನ ಬಾಯಿಗೆ ಕೈಯೊಡ್ಡಿದರೆ
ಮೂಳೆಗೆ ಮುಟ್ಟುವಷ್ಟು ತಣ್ಣಗೆ.
ಯಾರಪ್ಪಾ ಈ ಲೈನು ಎಳೆದವನು, ಯಾವ ಕಂಪನಿ ರಬ್ಬರು?
ಪಕ್ಕದಲ್ಲಿ ಒಂದು ಮಂಗ ನನ್ನ ಚಪ್ಪಲಿಯನ್ನೇ ನೋಡುತ್ತಿತ್ತು.
ಬೆಟ್ಟಕ್ಕೆ ಬೆಟ್ಟವೇ ಹೊದಿಕೆ, ಅದು ಸರಿ.
ಆದರೆ ಇನ್ನೊಂದಿದೆ: ಆ ನೀರು ನಿಂತಿಲ್ಲ.
ನಿಂತದ್ದು ಕಾಯುತ್ತದೆ.
ಎರಡೂ ಅರ್ಥದಲ್ಲಿ.

ಮಾರನೆಯ ದಿನ ಗೋಡೆಯನ್ನು ಮತ್ತೆ ಬಿಡಿಸಿದೆ.
ಮೂರಿಂಚಿನ ಪೈಪು, ಅದರೊಳಗೆ ಬೀರಿನ ನಳಿಕೆ,
ಸತ್ತ ಕಂಪ್ಯೂಟರಿನಿಂದ ಕಿತ್ತ ಅಂಗೈಯಗಲದ ಫ್ಯಾನು
ಪೆಟ್ಟಿಗೆಯ ತಂಪನ್ನು ನಲ್ಲಿಯ ಕತ್ತಿನವರೆಗೂ ತಳ್ಳಲಿ ಎಂದು;
ಹೋದ ಗಾಳಿಗೆ ತವರಿಗೆ ಬರಲು ಇನ್ನೊಂದು ಪೈಪು.
ಎರಡಕ್ಕೂ ಕಪ್ಪು ರಬ್ಬರು ಸುತ್ತಿದೆ,
ಕೂಸಿಗೆ ಕುಲಾವಿ ಕಟ್ಟಿದ ಹಾಗೆ, ಕಿವಿ ಕಾಣದಂತೆ.
ಒಂದು ಬೆರಳು ಸಂದು ಬಿಟ್ಟರೂ ಗೋಡೆ ಬೆವರುತ್ತದೆ,
ಮಣ್ಣಿನ ಗೋಡೆ ಬೆವರಿದರೆ ಮನೆಗೆ ಒಳ್ಳೆಯದಲ್ಲ.
ಫೋಮು ತುಂಬುವಾಗ ನೆನಪಾಯಿತು.
ಕಿಟಕಿಯ ಹುಲ್ಲು ತಂದು ಅದರ ಜಾಗಕ್ಕೇ ತುರುಕಿದೆ.
ಮೊದಲ ಮೇಸ್ತ್ರಿ ಅವನು, ನಾನು ಎರಡನೆಯವನು.

ಬೀರು ಬಿಡುವ ಮೊದಲು ಲೈನು ತೊಳೆಯಬೇಕು.
ಪೀಪಾಯಿಗೆ ನೀರು ತುಂಬಿಸಿ ಎರಡು ಸಲ ಹರಿಯಬಿಟ್ಟು ಚೆಲ್ಲಿದೆ,
ಮೂರನೆಯ ಸಲಕ್ಕೆ ಅಮ್ಮನವರು ಸ್ಟೀಲ್ ಲೋಟ ತಂದರು.
‘ಕಟ್ಟಿದವರು ಮೊದಲು.’
ನಲ್ಲಿ ಎಳೆದೆ. ನೊರೆಯಿಲ್ಲ. ಸದ್ದಿಲ್ಲ.
ಗೋಡೆಯೊಳಗಿಂದ ಒಂದು ಕಡ್ಡಿಯ ಹಾಗೆ ನೆಟ್ಟಗೆ
ನೀರು ಬಂತು.
ಕುಡಿದೆ. ಹಲ್ಲು ಜುಮ್ಮೆಂದಿತು.
ಲೋಟ ಬೆವರಿತು,
ಗೋಡೆ ಬೆವರಲಿಲ್ಲ.

ಅಮ್ಮನವರು ಒಂದು ಲೋಟ ಕುಡಿದರು. ಇನ್ನೊಂದು ಹಿಡಿದರು.
‘ಬೇಸಿಗೆ ಕಳೆಯೋವರೆಗೂ ಇದು ಹೀಗೇ ಇರಲಿ ಬಿಡಪ್ಪ’ ಅಂದರು.
ಮೇಷ್ಟ್ರು ನನ್ನ ಮುಖ ನೋಡಿದರು.
ನಾನು ಸ್ಪ್ಯಾನರು ಎಣಿಸತೊಡಗಿದೆ.