ಖಾಲಿಗೊಂದು ಒತ್ತು

ಬುಧವಾರ ಮಧ್ಯಾಹ್ನವೇ ಹೋಗಿ ನೋಡಿ ಬಂದೆ.
ಗಂಗಾವತಿ, ಕನಕಗಿರಿ ರಸ್ತೆ, ಹಳೆಯ ಅಕ್ಕಿಗಿರಣಿ.
ಭತ್ತ ಬರುವ ಕಾಲವಲ್ಲ, ಯಂತ್ರಕ್ಕೆ ಗೋಣಿತಟ್ಟು ಹೊದಿಸಿದ್ದಾರೆ.
ಶನಿವಾರ ರಾತ್ರಿ ಇಲ್ಲೇ ಹಾಡು.
ಹಮಾಲರು ತಲೆಗೆ ನೂರು ಹಾಕಿ
ಬುಕ್ಕಸಾಗರದ ಹಂಪವ್ವನನ್ನು ಕರೆಸುತ್ತಿದ್ದಾರೆ.

ಸ್ಟೇಜು ಎಲ್ಲಿ ಎಂದರೆ
ಹಿಂದೆ ಬಂಡಿ ತೂಗುತ್ತಿದ್ದ ಕಾಟಾದ
ಕಬ್ಬಿಣದ ಹಾಸು ತೋರಿಸಿದ ಮುಕಾದಂ ದುರುಗಪ್ಪ.
ಅದರ ಮೇಲೊಂದು ಜಮಖಾನ, ಅಷ್ಟೇ.
"ಮುಳ್ಳು ಕಟ್ಟಿ ಹಾಕ್ತೀವ್ರೀ,
ಇಲ್ಲಂದ್ರ ಆಕಿ ಉಸುರು ತಗೊಂಡಾಗೊಮ್ಮೆ ಅಳ್ಳಾಡತೈತಿ."

ನನ್ನ ಲೆಕ್ಕ ಹನ್ನೆರಡು ಚಿತ್ರ.
ಹದಿಮೂರನೆಯದಕ್ಕೆ ನೋಡುವವರು ಆಕಳಿಸುತ್ತಾರೆ.
ಇರುವುದೊಂದೇ ಲೆನ್ಸು, ಯಾರದೋ ಮದುವೆಯ ಅಕ್ಷತೆ
ರಿಂಗಿನೊಳಗೆ ಸೇರಿ ಇನ್ನೂ ಜರಜರ ಅನ್ನುತ್ತದೆ.
ಬೆಳಕೂ ಒಂದೇ: ತೊಲೆಗೆ ಜೋತುಬಿದ್ದ ದೊಡ್ಡ ಬಲ್ಬು.
ಜನ ಬಂದು ಕೂರುವಾಗ ನೆಲದ ತೌಡು ಏಳುತ್ತದೆ,
ಆಗ ಬೆಳಕಿಗೆ ಮೈ ಬರುತ್ತದೆ.
ಹತ್ತು ನಿಮಿಷ. ಆಮೇಲೆ ದೂಳೂ ಚಕ್ಕಂಬಕ್ಕಳ ಹಾಕಿ ಕೂರುತ್ತದೆ.
ಎರಡು, ಮೂರು, ನಾಲ್ಕು ಅಲ್ಲೇ ಮುಗಿಸಬೇಕು.

ತಬಲಾದ ಖಾಜಾಹುಸೇನಿ ಪಂಕ್ಚರ್ ಅಂಗಡಿಯಲ್ಲಿ
ಟ್ಯೂಬನ್ನು ಬೋಗುಣಿಯ ನೀರಿಗೆ ಅದ್ದಿ
ಗುಳ್ಳೆಗಾಗಿ ಕಾಯುತ್ತಿದ್ದ. ಒತ್ತಿದೆ. ತಲೆ ಎತ್ತಿದ.
"ಏನದು ಸಪ್ಪಳ?"
ಒಳಗ ಒಂದು ಕನ್ನಡಿ ಏಳತೈತಣ್ಣ, ಹಳೇ ಕ್ಯಾಮರಾ.
"ಸಮ್ಮಿಗೆ ಒತ್ತಬ್ಯಾಡ ತಂಗಿ.
ನನ್ನ ಪೆಟ್ಟಿನ ಮ್ಯಾಲ ನೀನೊಂದು ಬಡದಂಗ ಅಕ್ಕೈತಿ."

ಸಮ್ಮಿಗೇ ಅಲ್ಲವೇ ಎಲ್ಲ ಇರುವುದು?
ತಲೆ ಬೀಳುವುದು, ಕೈ ಏಳುವುದು,
ಹಿಂದಿನ ಸಾಲಿನಿಂದ ಯಾರೋ ಆಹಾ ಅನ್ನುವುದು.
ಏನನ್ನೂ ಹೇಳದೆ ನಿಂತೆ.
ಲಾರಿಯ ಬೋಳು ಟಾಯರಿನ ಮೇಲೆ ಬೆರಳಿಟ್ಟು
ಹದಿನಾರು ಎಣಿಸಿ ತೋರಿಸಿದ.
"ಒಂಬತ್ತಕ್ಕ ಕೈ ಬಯಲಿಗೆ. ಡಗ್ಗಾ ಸುಮ್ಮನಿರತೈತಿ.
ಅದು ಖಾಲಿ. ಅಲ್ಲಿ ನಿನಗ ಜಾಗ ಐತಿ."

ರಾತ್ರಿ ಪಟ್ಟಿಯಲ್ಲಿ ಹೊಡೆದು ಹಾಕಿದೆ:
ತೆರೆದ ಬಾಯಿ, ಹಣೆಯ ಬೆವರು, ಚಪ್ಪಾಳೆ.
ಬಾಯಿಯ ಮಾತು ಹಂಪವ್ವನೇ ಫೋನಿನಲ್ಲಿ ಹೇಳಿದ್ದಳು,
"ಹಾಡುವಾಗ ನಾ ಜಗಳಾಡಿದಂಗ ಕಾಣತೀನವಾ,
ಚಾ ಕುಡಿಯುವಾಗ ತಗಿ."
ಇನ್ನು ಉಳಿದದ್ದೇನು? ಬರೀ ಕಾಯುವ ಮುಖಗಳು.
ಅದಕ್ಕೆ ಹಾಡಿನ ಚಿತ್ರ ಎಂದು ಹೇಗೆ ಹೆಸರಿಡಲಿ?

ಶುಕ್ರವಾರ ಸ್ಟುಡಿಯೋದಲ್ಲಿ, ರೇಷನ್ ಕಾರ್ಡಿನ ಫೋಟೋಕ್ಕೆ ಬಂದ
ಆನೆಗೊಂದಿಯ ಮುದುಕಪ್ಪನೊಬ್ಬನ ಮೇಲೆ ಪ್ರಯೋಗ.
ಮನಸ್ಸಿನಲ್ಲೇ ಧಾ ಧಿನ್ ಧಿನ್ ಧಾ.
ಐದು. ಆರು. ಏಳಕ್ಕೆ ಅವನು
"ಎಷ್ಟೊತ್ತವಾ, ನನ್ನ ಬಸ್ ಹೋಗತೈತಿ" ಅಂದ.
ಒಂಬತ್ತಕ್ಕೆ ಒತ್ತಿದೆ.
ಕಾಗದದಲ್ಲಿ ಮೂಡಿ ಬಂದವನು ಬೇರೆ ಮುದುಕ:
ಕತ್ತು ಒಂದಿಷ್ಟು ವಾರೆ, ಕಿವಿ ಮುಂದು,
ಗೋಡೆಯಾಚೆ ಯಾರೋ ಹಾಡು ಶುರು ಮಾಡಲಿದ್ದಾರೆ
ಅಂತ ಅವನಿಗೊಬ್ಬನಿಗೇ ಗೊತ್ತಿದ್ದ ಹಾಗೆ.
ನಲವತ್ತು ರೂಪಾಯಿ ಎಣಿಸಿ ಕೊಟ್ಟು
"ನಾ ಹಿಂಗ ಇಲ್ಲ ಬಿಡು" ಅನ್ನುತ್ತ ಬಸ್ಸಿಗೆ ಓಡಿದ.

ಈಗ ಹನ್ನೊಂದು ಗಂಟೆ. ಬ್ಯಾಟರಿ ಚಾರ್ಜಿಗಿದೆ,
ಕೆಂಪು ಚುಕ್ಕೆ ಮಿನುಗುತ್ತದೆ, ಎಣಿಸಿ ನೋಡಿದೆ,
ಅದಕ್ಕೆ ಯಾವ ತಾಳವೂ ಇಲ್ಲ.
ಪಟ್ಟಿಯಲ್ಲಿ ಟಾಯರು, ತೌಡು, ಚಾದ ಗ್ಲಾಸು,
ಹಮಾಲರ ಹೆಗಲ ಮೇಲಿನ ಟವೆಲ್ಲು,
ಬಯಲಿಗೆ ಹೋದ ಕೈ.
ಬೆಳಿಗ್ಗೆ ಎದ್ದವಳೇ ದುರುಗಪ್ಪನಿಗೆ ಹೇಳಬೇಕು,
ಕಟ್ಟಬೇಡ್ರಿ ಮುಳ್ಳು.
ಅಳ್ಳಾಡಲಿ.