ಬಿಡುವ ಕೈ

ಗುತ್ತಲು ರಸ್ತೆಯ ನಮ್ಮ ಸೀನರಿ ಅಂಗಡಿಯಲ್ಲಿ
ಎರಡು ಅರಮನೆ, ಮೂರು ಕಾಡು, ಒಂದು ಸೆರೆಮನೆ,
ಬಿದಿರಿಗೆ ಸುತ್ತಿಟ್ಟ ಒಂದು ರಾಜಬೀದಿ.
ಬೀದಿಯ ತುದಿಗೆ ಅಪ್ಪ ಬರೆದದ್ದು ಗಡಿಯಾರದ ಗೋಪುರ.
ಪುರಾಣದ ಊರಿಗೆ ಗಡಿಯಾರ ಯಾಕಪ್ಪಾ ಅಂದರೆ
"ಮೈಸೂರ್ ಬುಟ್ರೆ ಇನ್ಯಾವ್ ಪಟ್ಣ ನೋಡಿದ್ದನವ್ವ ನಾನು?"
ದರ್ಬಾರಿನ ಕಂಬ ಹರಿದಾಗ ತೇಪೆಗೆ ಸಿಕ್ಕಿದ್ದು
ಹಳೇ ನದಿಯ ಒಂದು ತುಂಡು.
ಈಗಲೂ ಸಿಂಹಾಸನದ ಪಕ್ಕ ಗೇಣಗಲ ನೀರು ಹರಿಯುತ್ತದೆ.
ಹತ್ತನೇ ಸಾಲಿನಾಚೆ ಯಾರಿಗೂ ಕಾಣದು.

ಬಣ್ಣಕ್ಕೆ ಮೊದಲು ಬಟ್ಟೆಗೆ ಸುಣ್ಣ ಕುಡಿಸಬೇಕು.
ಮರವಜ್ರ ಕಾಯಿಸಿ, ಸೀಮೆಸುಣ್ಣ ಅರೆದು, ಗಂಜಿಯಷ್ಟು ಹದಕ್ಕೆ.
ಆ ವಾಸನೆಗೆ ಇಲಿ ಬಂದು
ಒಂದು ಮಳೆಗಾಲದಲ್ಲಿ ಅರ್ಧ ಕಾಡು ಮೇಯ್ದವು.

ಮಾನಸಗಂಗೋತ್ರಿಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಕೋಣೆಯಲ್ಲಿ
ಆ ಇಲಿಗಳ ದೂರದ ನೆಂಟನೊಬ್ಬನ
ಎದೆಯ ಒಂದೇ ಒಂದು ಕೋಶ
ಗಾಜಿನ ಮೇಲೆ ಮಲಗಿ ಮಿಡಿಯುತ್ತಿದೆ.
ನಾನು ಕಣ್ಣಿಟ್ಟು ಕೂತಿದ್ದೇನೆ. ನನ್ನ ಸಂಬಳ ಇದಕ್ಕೇ.
ಹೊಸ್ತಿಲಲ್ಲಿ ನಾಲ್ಕು ಕಣ ಸುಣ್ಣ ಒಳಬಂದರೆ ಸಾಕು,
ಒಳಗಿನ ಉಗ್ರಾಣದ ಕದ ತೆರೆಯುತ್ತದೆ.
ಸುಣ್ಣವೇ ಸುಣ್ಣವನ್ನು ಕೂಗುತ್ತದೆ.
ಹಸಿರು ಬೆಳಕೊಂದು ಈ ತುದಿಯಿಂದ ಆ ತುದಿಗೆ ಓಡಿ
ಇಡೀ ಕೋಶ ಮುಷ್ಟಿಯಾಗುತ್ತದೆ.
ಗೂಡಿನಲ್ಲಿದ್ದಾಗ ಪಕ್ಕದವರಿಗೂ ಸುದ್ದಿ ಹೋಗುತ್ತಿತ್ತು, ಗೋಡೆಯ ಕಿಂಡಿಯಲ್ಲಿ.
ಹಾರ್ಮೋನಿಯಂ ಮೇಷ್ಟ್ರು ಗಲ್ಲ ಎತ್ತಿದ್ದನ್ನು ಕಂಡು
ಸೈಡ್‌ವಿಂಗಿನಲ್ಲಿ ಪುಟ್ಮಾದ ಕೆಮ್ಮುತ್ತಿದ್ದ,
ಕೆಮ್ಮು ಕೇಳಿ ಅಪ್ಪ ಹಗ್ಗ ಎಳೆಯುತ್ತಿದ್ದ,
ಕಾಡು ಹೋಗಿ ಅರಮನೆ ಬರುತ್ತಿತ್ತು.
ಒಮ್ಮೆ ಪುಟ್ಮಾದನಿಗೆ ನಿಜವಾಗಿಯೂ ಕೆಮ್ಮು ಹಿಡಿದಿತ್ತು.
ಆ ರಾತ್ರಿಯ ಕತೆ ಬೇಡ.

ಈ ಬೇಸಿಗೆಯಲ್ಲಿ ಅಪ್ಪನಿಗೆ ಏಣಿ ಹತ್ತಿದರೆ ಏದುಸಿರು.
ಮೈಸೂರಿಗೆ ಕರೆತಂದೆ. ಎದೆಗೆ ತಣ್ಣನೆ ಲೋಳೆ ಸವರಿ
ಪರದೆಯ ಮೇಲೆ ನೋಡುತ್ತಾ ಡಾಕ್ಟರಮ್ಮ ಅಂದರು:
"ಹಿಂಡೋದು ಚೆನ್ನಾಗೇ ಹಿಂಡುತ್ತೆ ಜವರಯ್ಯನೋರೆ.
ಹಿಂಡಿದ್ದನ್ನ ಬಿಡೋದು ನಿಧಾನ. ಗೋಡೆ ಸಡಿಲ ಆಗ್ತಿಲ್ಲ."

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ನಾನು ಬಿಡಿಸಿ ಹೇಳತೊಡಗಿದೆ,
ಕ್ಲಾಸಿನಲ್ಲಿ ಹೇಳುವ ಹಾಗೆ, ಕೈ ಆಡಿಸುತ್ತಾ:
ಪ್ರತಿ ಬಡಿತದ ಮೇಲೂ ಚೆಲ್ಲಿದ ಸುಣ್ಣವನ್ನೆಲ್ಲ
ಗೋರಿ ಗೋರಿ ಉಗ್ರಾಣಕ್ಕೆ ತುಂಬಬೇಕಪ್ಪ.
ಅದಕ್ಕೂ ಕೂಲಿ ಕೊಡಬೇಕು. ಬಿಡುವುದು ಬಿಟ್ಟಿ ಕೆಲಸವಲ್ಲ.
ಕೂಲಿ ತೀರಿದ ದಿನ ಸ್ನಾಯು
ಹಿಡಿದದ್ದನ್ನು ಹಿಡಿದೇ ಉಳಿಯುತ್ತದೆ;
ಹೆಣ ಸೆಟೆಯಿತು ಅನ್ನುತ್ತೇವಲ್ಲ, ಅದು.
(ಇದನ್ನು ಹೇಳಬಾರದಿತ್ತು.)

ಅಪ್ಪ ಕಡಲೆಕಾಯಿ ಸಿಪ್ಪೆ ಒಂದು ಕಡೆ ಗುಡ್ಡೆ ಮಾಡಿ
ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದ.
ಕೆರಗೋಡಿನಲ್ಲಿ ಹಗ್ಗ ಜಾರಿದಾಗ ಸುಟ್ಟ ಗೆರೆ, ನಯವಾಗಿ, ಹೊಳೆಯುತ್ತಾ.
ಅವತ್ತು ಬಿದಿರು ಬಂದು ಕಿರೀಟಕ್ಕೆ ಬಡಿದಿತ್ತಂತೆ.
ಜನ ಚಪ್ಪಾಳೆ ಹೊಡೆದರಂತೆ, ಅದೂ ಆಟವೆಂದು.
"ಎತ್ತಕೆ ಯಾವ ಐಕ್ಳಾದ್ರೂ ಆಯ್ತದೆ.
ಇಳ್ಸದು ಕಣವ್ವ ಇದ್ಯೆ."

ಇಷ್ಟು ವರ್ಷ ನಾನು ಅಳೆದದ್ದು ಗೆರೆ ಏರಿದ ಎತ್ತರ.
ಸೋಮವಾರ ಹಳೆಯ ಹಾಳೆಗಳನ್ನೆಲ್ಲ ತೆಗೆದು
ಇಳಿಜಾರಿನ ಕಡೆಯಿಂದ ನೋಡಲು ಕೂತೆ.

ಭಾನುವಾರ ಕೊಪ್ಪದ ಹತ್ತಿರ ಆಟ.
ಅಪ್ಪ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ.
ಏಣಿಯ ಮೇಲೆ ಪುಟ್ಮಾದನ ಮಗಳು ಶಶಿರೇಖೆ,
ಪಾದಕ್ಕೊಂದು ಸುತ್ತು ಹಗ್ಗ.
ಮೇಷ್ಟ್ರ ಗಲ್ಲ ಎದ್ದಿತು. ಯಾರೂ ಕೆಮ್ಮಲಿಲ್ಲ.
ಅಪ್ಪನ ಬೆರಳು ತೊಡೆಯ ಮೇಲೆ ಒಂದೊಂದೇ ಬಿಚ್ಚುತ್ತಾ
ಬಿಡು, ಬಿಡು, ಇನ್ನೊಂಚೂರು ಅನ್ನುತ್ತಿತ್ತು,
ಅವಳಿಗೆ ಕಾಣುತ್ತಿರಲಿಲ್ಲ.

ರಾಜಬೀದಿ ಇಳಿಯಿತು, ಗಡಿಯಾರ ಸಮೇತ.
ಬಿದಿರು ಹಲಗೆಗೆ ಸದ್ದಿಲ್ಲದೆ ತಾಕಿ
ಒಂದಿಷ್ಟು ಸುಣ್ಣದ ಧೂಳು ಎದ್ದು,
ದೀಪದಲ್ಲಿ ತುಸು ಹೊತ್ತು ನಿಂತು,
ಕೂತಿತು.