ಇಪ್ಪತ್ತು ಡಿಗ್ರಿ

ಕಪ್ಪತಗುಡ್ಡದಲ್ಲಿ ಗಾಳಿಕಂಬ ನಿಲ್ಲಿಸಲು ಬಂದ ನಾರ್ವೆಯವ,
ಎಸ್ಕಿಲ್ ಅಂತ ಹೆಸರು, ಮೂಗು ಸುಲಿದು ಗಜ್ಜರಿಯಾಗಿತ್ತು,
ಮೂರು ರೋಲು ಕೌಂಟರಿನ ಮೇಲಿಟ್ಟ.
ಏನಿದೆ ಇದರಲ್ಲಿ ಅಂದರೆ
ನಮ್ಮ ಸ್ಟುಡಿಯೊದ ಸ್ವಿಚ್ಚನ್ನೇ ಒತ್ತಿ ಆರಿಸಿ, ಒತ್ತಿ ಹಚ್ಚಿ
ತೋರಿಸಿದ: ಇದು, ಮತ್ತೆ ಇದು.
ಊರು, ಅಂದ.

ಮೇ ತಿಂಗಳು. ಗದಗಿನಲ್ಲಿ ನಳ ಬಂದು ಹನ್ನೊಂದು ದಿನ.
ಕೊಡದ ತಳದ ನೀರೂ ಮೂವತ್ನಾಲ್ಕು ಡಿಗ್ರಿ.
ಡೆವಲಪರಿಗೆ ಬೇಕಾದದ್ದು ಇಪ್ಪತ್ತು;
ಮೀರಿದರೆ ಫಿಲ್ಮಿನ ಮೈ ಗಂಜಿಯಂತೆ ಮೆತ್ತಗಾಗಿ
ಉಗುರು ತಾಗಿದಲ್ಲಿ ಏಳುತ್ತದೆ.
“ಕೊಟ್ರೇಶಿ, ಬರ್ಫಿನ ಫ್ಯಾಕ್ಟರಿಗೆ ಓಡಲೇ,”
ಅಂದರು ಮೌಲಾಸಾಬರು.
ಬೆಟಗೇರಿಯಿಂದ ಸೈಕಲ್ಲಿನ ಹಿಂದೆ, ಗೋಣಿಚೀಲ ಸುತ್ತಿಕೊಂಡು
ಬಂತು ಐದು ಕಿಲೊ ಚಳಿಗಾಲ.
ದಾರಿಯುದ್ದ ಸೋರಿ ಮೂರಾಗಿತ್ತು.

ರಾತ್ರಿ ಎಂಟಾಗಲಿ ಎಂದು ಕಾದೆ.
ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದರೂ
ಇಲ್ಲಿಯ ಹಗಲು ಎಲ್ಲಿಂದಲೋ ನುಸುಳುತ್ತದೆ, ದಬ್ಬಣದ ಹಾಗೆ.
ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಆದ ಮೇಲೆ
ಬೆರಳಿಗೆ ನೋಡಲು ಬಿಟ್ಟೆ.
ಹನ್ನೆರಡು ವರ್ಷದ ರೂಢಿ.

ತೊಳೆದು ತಂತಿಗೆ ನೇತುಹಾಕಿದೆ. ಆರುತ್ತಿದ್ದ ಪಟ್ಟಿಯನ್ನು
ಬಲ್ಬಿಗೆ ಹಿಡಿದರೆ,
ಅಯ್ಯ, ಇದು ನಮ್ಮ ಎರಿಹೊಲ!
ಹತ್ತಿ ಕಿತ್ತ ಮೇಲಿನ ಕರಿ ಎರಿ, ಕುಂಟಿ ಹೊಡೆದ ಎರಡು ಸಾಲು,
ಮೇಲೆ ಕಣ್ಣು ಕುಕ್ಕುವ ಬಿಳಿ ಆಕಾಶ.
ಮುಳಗುಂದದ ದಾರಿಯ ಮಟಮಟ ಮಧ್ಯಾಹ್ನ.
ದೂರದಲ್ಲಿ ಒಂದು ಮನೆ,
ಕಿಟಕಿ ಮಾತ್ರ ಮಸಿ ಬಳಿದ ಚೌಕ.

ಮೌಲಾಸಾಬರು ಕನ್ನಡಕ ಹಣೆಗೇರಿಸಿ ನಕ್ಕರು:
“ಅದು ಬರ್ಫ ಐತಿ, ತಂಗಿ. ಮ್ಯಾಲಿಂದು ರಾತ್ರಿ.
ಕಿಡಕ್ಯಾಗ ದೀಪ ಉರಿಯಾಕತ್ತೈತಿ.”
ಸಾಲಿನ ಬಗ್ಗೆ ಕೇಳಿದೆ.
“ಯಾರೋ ಏನೋ ಎಳಕೊಂಡು ಹೋಗ್ಯಾರ,” ಅಂದರು.

ಕೆಂಪು ದೀಪದ ಕೆಳಗೆ, ತಟ್ಟೆಯಲ್ಲಿ,
ಬಿಳಿ ಹಾಳೆಯ ಮೇಲೆ ಮೊದಲು ಮೂಡಿದ್ದು ಕತ್ತಲೆ.
ಮದುವೆ ಫೋಟೊದಲ್ಲೂ ಹಾಗೇ, ಮೊದಲು ಬರುವುದು
ವರನ ಕೋಟು, ಹುಡುಗಿಯ ಕೂದಲು.
ಬೆಳಕು ಬರುವುದಿಲ್ಲ.
ಏನೂ ಆಗದೆ ಉಳಿದ ಹಾಳೆಗೆ ಆ ಹೆಸರು.

ಕೊನೆಯ ರೋಲಿನಲ್ಲಿ ಒಬ್ಬ ಮುದುಕಿ
ಬೆಂಚಿನ ಮೇಲೆ ಬಟಾಟೆ ಸುಲಿಯುತ್ತ ಕೂತಿದ್ದಳು,
ಮುಖದ ಮೇಲೆ ಅಡ್ಡ ಬಿದ್ದ ಬಿಸಿಲು, ಉದ್ದ ನೆರಳು.
ಭೂತಗನ್ನಡಿ ಹಿಡಿದೆ. ಕೈಗಡಿಯಾರದಲ್ಲಿ ಹನ್ನೆರಡು.
ಹನ್ನೆರಡಕ್ಕೆ ಅಷ್ಟುದ್ದ ನೆರಳೆ?
ಲಕೋಟೆಯ ಮೇಲೆ ಹೊತ್ತು ಬರೆಯುವಲ್ಲಿ ಪೆನ್ನು ನಿಂತಿತು.

ಮರುದಿನ ಬೆಳಿಗ್ಗೆ ಅವನು ಬಂದಾಗ
ಆ ಚಿತ್ರ ಮುಂದಿಟ್ಟು, ಅವನದೇ ಭಾಷೆಯಲ್ಲಿ,
ಸ್ವಿಚ್ಚು ಆರಿಸಿದೆ, ಹಚ್ಚಿದೆ: ಇದೋ? ಇದೋ?
ಅವನು ಎದ್ದು ಬಂದು
ಸ್ವಿಚ್ಚಿನ ಮೇಲೆ ಬೆರಳಿಟ್ಟು
ಒತ್ತದೆ ನಿಂತ.
ಆಮೇಲೆ ಬಹಳ ಹೊತ್ತು ಮುದುಕಿಯನ್ನು ನೋಡಿದ.

ಬಿಲ್ಲಿನಲ್ಲಿ ಆರು ರೂಪಾಯಿ ಬೇರೆ ಬರೆದಿತ್ತು.
ಇದೇಕೆ ಎಂದು ಹುಬ್ಬೆತ್ತಿದ.
ಮೂಲೆಯಲ್ಲಿ ಇನ್ನೂ ಹಸಿಯಿದ್ದ ಗೋಣಿಚೀಲ ತೋರಿಸಿದೆ.